ಪುಕ್ಕಟೆ ಕರೆಂಟಿನ ಕಂಪನಿಗೆ ಮನೆ ಅಳಿಯನ ಬಿನ್ನಹ

ವ್ಯವಸ್ಥಾಪಕ ನಿರ್ದೇಶಕರು,
ಅನಂತಕಂಪನ ಕಂಪನಿ, ಇವರ ದಿವ್ಯ ಸನ್ನಿಧಿಗೆ

ವಿಷಯ: ತಮ್ಮ ‘ಅನುರಣಕ’ ಯಂತ್ರವು ನಮ್ಮ ಮನೆಯಲ್ಲಿ ತಮ್ಮ ನಿರೀಕ್ಷೆಯನ್ನೂ ಮೀರಿ ಕೆಲಸ ಮಾಡಿದ ಬಗ್ಗೆ.

ಮಾನ್ಯರೇ,

ಗಾಳಿಯನ್ನು ಹಿಂಡಿ ಕರೆಂಟು ತೆಗೆದು ಲೋಕಕ್ಕೆಲ್ಲ ಹಂಚಲು ಟೊಂಕ ಕಟ್ಟಿ ನಿಂತಿರುವ ತಮಗೆ, ಇವತ್ತಿಗೂ ಗೋಡೆಯ ಪ್ಲಗ್ಗನ್ನೇ ನಂಬಿಕೊಂಡು ಬದುಕುತ್ತಿರುವ ಪಾಮರನೊಬ್ಬನ ಅನಂತಾನಂತ ವಂದನೆಗಳು. ತಾವು, ತಮ್ಮ ಕುಟುಂಬ ಮತ್ತು ತಮ್ಮ ಮಾರಾಟ ಪ್ರತಿನಿಧಿಗಳು ಆರೋಗ್ಯದಿಂದ ಕಂಪಿಸುತ್ತಿರುವಿರೆಂದು ಭಾವಿಸುತ್ತೇನೆ. ಈ ಹಿಂದೆ ತಮಗೆ ಖಾಸಗಿಯಾಗಿ ಬರೆದ ಪತ್ರಗಳಿಗೆ ಉತ್ತರ ಬಾರದೇ ಇದ್ದುದರಿಂದ, ಅವೂ ತಮ್ಮ ಕಚೇರಿಯಲ್ಲಿ ಕಂಪಿಸುತ್ತ ಕಂಪಿಸುತ್ತ ಶೂನ್ಯದಲ್ಲಿ ಲೀನವಾಗಿರಬೇಕೆಂದು ಊಹಿಸಿ, ಇದನ್ನು ಬಹಿರಂಗವಾಗಿಯೇ ಬರೆಯುವ ಧೈರ್ಯ ಮಾಡಿದ್ದೇನೆ. ಮೊದಲಿಗೆ ತಮ್ಮ ಸಂಸ್ಥೆಯ ಹೆಸರನ್ನು ಮನಸಾರೆ ಹೊಗಳಲು ಅಪ್ಪಣೆ ಕೊಡಬೇಕು. ಕಂಪನಕ್ಕೆ ಒಂದು ಗುಡಿಸು ಕೊಟ್ಟರೆ ಕಂಪನಿಯಾಗುತ್ತದೆ ಎಂಬುದು ನಮಗೆಲ್ಲ ಬಾಲ್ಯದ ಕಾಗುಣಿತದಿಂದಲೇ ಗೊತ್ತಿತ್ತು. ಆದರೆ ಅದೇ ಗುಡಿಸಿನಿಂದ ಇನ್ನೊಬ್ಬರ ಮನೆಯನ್ನೂ ನುಣ್ಣಗೆ ಗುಡಿಸಬಹುದು ಎಂಬುದನ್ನು ತಾವು ತೋರಿಸಿಕೊಡುವವರೆಗೆ ಯಾರಿಗೂ ಹೊಳೆದಿರಲಿಲ್ಲ.

ನನ್ನ ಪರಿಚಯ ಅಷ್ಟೇನೂ ದೊಡ್ಡದಲ್ಲ. ನಾನು ಹೆಂಡತಿಯ ತವರಿನಲ್ಲೇ ಬೀಡುಬಿಟ್ಟಿರುವ ಮನೆ ಅಳಿಯ. ಮನೆ ಅಳಿಯನಿಗೆ ಬಾಯಿ ಇರುವುದು ಊಟ ಮಾಡುವುದಕ್ಕೆ ಮತ್ತು ‘ಹೌದು ಮಾವ’ ಎನ್ನುವುದಕ್ಕೆ. ಮೂರನೆಯ ಬಳಕೆ ಇದ್ದರೆ ನನ್ನ ಗಮನಕ್ಕೆ ಬಂದಿಲ್ಲ. ವೃತ್ತಿಯಿಂದ ಮಾತ್ರ ಹತ್ತಾರು ಜನರ ಬಾಯಿಗೆ ಸಂಬಂಧಪಟ್ಟವನು. ಹಿತ್ತಲ ಕಡೆಯ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಕಟ್ಟುತ್ತೇನೆ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮೇಣದಲ್ಲಿ ಹಲ್ಲು ಜೋಡಿಸಿ, ಬಿಸಿನೀರಿನ ಪಾತ್ರೆಯಲ್ಲಿ ಹದವಾಗಿ ಬೇಯಿಸಿ, ಮೋಟಾರಿನ ಚಕ್ರಕ್ಕೆ ಹಿಡಿದು ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತೇನೆ. ಈ ಪಾತ್ರೆ ಮತ್ತು ಈ ಚಕ್ರ ಎರಡಕ್ಕೂ ಕರೆಂಟು ಬೇಕು. ನನ್ನದೂ ಒಂದು ಬಗೆಯಲ್ಲಿ ಸುಳ್ಳಿನ ವ್ಯಾಪಾರವೇ ಎಂದು ತಾವು ನಗಬಹುದು. ಆದರೆ ಸ್ವಾಮೀ, ನನ್ನ ಸುಳ್ಳು ಅಗಿಯುತ್ತದೆ.

ಇನ್ನು ತಮ್ಮ ಗ್ರಾಹಕರಾದ ನಮ್ಮ ಮಾವನವರ ವಿಷಯ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಪೇಟೆಯಲ್ಲಿ ಅವರನ್ನು ಇಂದಿಗೂ ‘ಮುಳ್ಳು ಸಾಹೇಬರು’ ಎಂದೇ ಕರೆಯುತ್ತಾರೆ. ಸೇವೆಯುದ್ದಕ್ಕೂ ಅವರು ಅಂಗಡಿಯಿಂದ ಅಂಗಡಿಗೆ ನಡೆದು, ತಕ್ಕಡಿಯ ತಟ್ಟೆಗಳನ್ನು ಮಗುಚಿ ಹಾಕಿ, ತಳಕ್ಕೆ ಅಂಟಿಸಿದ ಮೇಣ, ಮರೆಯಲ್ಲಿಟ್ಟ ಅಯಸ್ಕಾಂತ, ಟೊಳ್ಳು ಮಾಡಿದ ಕಬ್ಬಿಣದ ತೂಕದ ಬಟ್ಟು, ಎಲ್ಲವನ್ನೂ ಬೆರಳ ತುದಿಯಿಂದಲೇ ಪತ್ತೆ ಹಚ್ಚುತ್ತಿದ್ದರಂತೆ. ಒಮ್ಮೆಯೂ ಗದರಿದವರಲ್ಲ. ಗದ್ದಲದ ಅಂಗಡಿಯಲ್ಲಿ, ಗಿರಾಕಿಗಳ ನಡುವೆ, ಮೆಲ್ಲಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಮುಳ್ಳು ಒತ್ತಿದ್ದು ಯಾರು?” ಅಷ್ಟಕ್ಕೇ ವ್ಯಾಪಾರಿಗಳು ತಕ್ಕಡಿ ಬಿಟ್ಟು ಕೈಮುಗಿಯುತ್ತಿದ್ದರಂತೆ. ಮನುಷ್ಯರನ್ನು ನಂಬುವ ಚಟ ಅವರಿಗೆ ಎಂದೂ ಇರಲಿಲ್ಲ. ಮನೆಗೆ ಬಂದ ಸಕ್ಕರೆ ಪೊಟ್ಟಣವೂ ಮೊದಲು ಅವರ ಮೇಜಿನ ತಕ್ಕಡಿಗೆ ಹಾಜರಿ ಹಾಕಿಯೇ ಅಡುಗೆಮನೆಗೆ ಹೋಗಬೇಕು. “ಮನುಷ್ಯ ಹೇಳ್ತಾನೆ ಅಳಿಯಂದ್ರೇ, ಮುಳ್ಳು ತೋರಿಸುತ್ತೆ. ಹೇಳೋರನ್ನ ಬಿಡಿ, ತೋರಿಸೋದನ್ನ ನೋಡಿ” ಎಂಬುದು ನನಗೆ ಊಟದ ಜೊತೆಗೆ ತಪ್ಪದೆ ದೊರೆಯುತ್ತಿದ್ದ ಉಪದೇಶ.

ಇಂಥವರನ್ನು ತಾವು ಹಿಡಿದ ಬಗೆಯನ್ನು ನೆನೆದರೆ ಇಂದಿಗೂ ನನಗೆ ಮೂಗಿನ ಮೇಲೆ ಬೆರಳು. ತಮ್ಮ ಪ್ರದರ್ಶನ ಮಂದಿರಕ್ಕೆ ಅವರು ಹೋದದ್ದು ಯಂತ್ರ ಕೊಳ್ಳಲು ಅಲ್ಲ, ತಮ್ಮನ್ನು ಸಿಕ್ಕಿಹಾಕಿಸಲು. ಜೇಬಿನಲ್ಲಿ ಸ್ವಂತ ಮೀಟರು ಇಟ್ಟುಕೊಂಡು ಹೋಗಿದ್ದರು. ಬೇರೆ ಕಂಪನಿಯಾಗಿದ್ದರೆ ‘ಮುಟ್ಟಬೇಡಿ’ ಎಂದು ಅಡ್ಡ ಬರುತ್ತಿತ್ತು. ತಮ್ಮ ಟೈ ಕಟ್ಟಿದ ಪ್ರತಿನಿಧಿಯಾದರೋ “ಅಳೆದು ನೋಡಿ ಸಾರ್, ನಿಮ್ಮಂಥೋರು ಅಳೀಬೇಕು ಅಂತಾನೇ ನಾವು ಕಾಯ್ತಿದ್ವಿ” ಎಂದನಂತೆ. ಮಾವನವರು ಅಳೆದರು. ಗೋಡೆಗೆ ಯಾವ ವೈರೂ ಇಲ್ಲದ ಯಂತ್ರದಿಂದ ಬಲ್ಬು ಉರಿಯುತ್ತಿತ್ತು, ಮೀಟರಿನ ಮುಳ್ಳು ಬಲಕ್ಕೆ ವಾಲಿತ್ತು. ಯಾರನ್ನೂ ನಂಬದವರನ್ನು ಬೀಳಿಸಬೇಕೆಂದರೆ ಅವರು ನಂಬುವ ಒಂದೇ ಒಂದು ವಸ್ತುವನ್ನು ಹಿಡಿಯಬೇಕು ಎಂಬ ಈ ಸೂಕ್ಷ್ಮ ತಮಗೆ ಎಲ್ಲಿಂದ ಹೊಳೆಯಿತೋ ಕಾಣೆ, ನನ್ನ ಅಭಿನಂದನೆಗಳನ್ನು ದಯವಿಟ್ಟು ಸ್ವೀಕರಿಸಬೇಕು.

ಯಂತ್ರ ಮನೆಗೆ ಬಂತು. ನೋಡಲು ಸುಂದರವಾಗಿಯೇ ಇತ್ತು. ಬ್ರೆಡ್ಡಿನ ಡಬ್ಬದಷ್ಟು ಗಾತ್ರದ ಕರಿ ಪೆಟ್ಟಿಗೆ, ನೆತ್ತಿಯ ಮೇಲೆ ಬಸವನಹುಳದಂತೆ ಸುತ್ತಿದ ತಾಮ್ರದ ತಂತಿ, ಮುಂದೆ ಎರಡು ತಿರುಪು. ಜೊತೆಗೆ ಬಂದ ಕೈಪಿಡಿಯನ್ನು ಮಾವನವರು ನಡುಮನೆಯಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದಿದರು. ವಿಶ್ವವೆಲ್ಲ ಕಂಪಿಸುತ್ತಿದೆ, ಯಂತ್ರವು ಅದೇ ಲಯದಲ್ಲಿ ಕಂಪಿಸಿದಾಗ ಅನುರಣನ ಉಂಟಾಗುತ್ತದೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಬೆರಳಿನಿಂದ ತಳ್ಳುತ್ತ ಹೋದರೆ ಅದು ಆಕಾಶ ಮುಟ್ಟುವುದಿಲ್ಲವೇ, ಹಾಗೆಯೇ ಅಲ್ಪದಿಂದ ಅನಂತ, ಇತ್ಯಾದಿ. ನಮ್ಮ ಅತ್ತೆಯವರು ಬಟ್ಟೆ ಮಡಚುತ್ತ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲಾ ರೀ, ಉಯ್ಯಾಲೆ ತಳ್ಳೋರು ಯಾರು?” ಎಂದು ಕೇಳಿದರು. ಮಾವನವರು ಕೈಪಿಡಿಯ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಆ ಬಗ್ಗೆ ತಾವು ಏನೂ ಮುದ್ರಿಸಿರಲಿಲ್ಲ. “ಪ್ರಕೃತಿ ಕಣೇ” ಎಂದು ಅವರೇ ಕಂಪನಿಯ ಪರವಾಗಿ ಉತ್ತರ ಕೊಟ್ಟು ಮಾನ ಉಳಿಸಿದರು. ತಮ್ಮ ಮಾರಾಟ ವಿಭಾಗ ಇದನ್ನು ಮುಂದಿನ ಮುದ್ರಣದಲ್ಲಿ ಸೇರಿಸಿಕೊಳ್ಳಬಹುದು.

ಬಳಕೆಗೆ ಮುನ್ನ ಯಂತ್ರಕ್ಕೆ ಮನೆಯ ‘ಪರಿಚಯ’ ಮಾಡಿಸಬೇಕು ಎಂಬ ಕೈಪಿಡಿಯ ಮಾತು ನನಗೆ ಬಹಳ ಹಿಡಿಸಿತು. ಹೊಸ ನೆಂಟರ ಹಾಗೆ ಅದನ್ನು ಬುಡದ ತೂತಿಗೆ ವೈರು ಚುಚ್ಚಿ ಗೋಡೆಯ ಪ್ಲಗ್ಗಿಗೆ ಸೇರಿಸಿ ಒಂದು ಹಗಲು ಬಿಡತಕ್ಕದ್ದು. ಪರಿಚಯ ಒಂದೇ ಬಾರಿ. ಪದೇ ಪದೇ ಪರಿಚಯ ಮಾಡಿಸುವುದು ಅಪನಂಬಿಕೆಯ ಲಕ್ಷಣವಾಗಿದ್ದು ಅದರಿಂದ ಯಂತ್ರದ ಲಯ ಕೆಡುತ್ತದೆ. ಮಾವನವರು ಕಾನೂನು ಪಾಲಿಸುವ ಮನುಷ್ಯ, ಅಕ್ಷರಶಃ ಪಾಲಿಸಿದರು. ವೈರು ಕಿತ್ತರು, ತಿರುಪು ತಿರುವಿದರು, ನಡುಮನೆಯ ಬಲ್ಬು ಝಗ್ಗೆಂದು ಹತ್ತಿತು. ಆಮೇಲೆ ಮೇಜಿನ ಫ್ಯಾನೂ ತಿರುಗಿತು. ನಿವೃತ್ತಿಯ ನಂತರ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಲ್ಲಿಯವರೆಗೆ ಅವರು ಕಿಟಕಿಯ ಪಕ್ಕ ಕೂತು ತರಕಾರಿ ಗಾಡಿಗಳ ತಕ್ಕಡಿಯನ್ನು ದೂರದಿಂದ ಗದರಿಸುವಷ್ಟಕ್ಕೆ ಇಳಿದುಬಿಟ್ಟಿದ್ದರು. ಈಗ ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಇಸ್ತ್ರಿಯ ಅಂಗಿ ಹಾಕಿ, ಯಂತ್ರದ ಮುಂದೆ ಡ್ಯೂಟಿಗೆ ಕೂರತೊಡಗಿದರು. ನಿಜ ಹೇಳುತ್ತೇನೆ, ನಮಗೆಲ್ಲ ಖುಷಿಯಾಗಿತ್ತು, ಆ ಖುಷಿಯ ಮಟ್ಟಿಗೆ ನಾವು ಇಂದಿಗೂ ತಮಗೆ ಋಣಿಗಳು.

ಕೆಲವೇ ದಿನ. ಬಲ್ಬು ಕೆಂಪಗಾಯಿತು, ಫ್ಯಾನು ತೂಕಡಿಸಿತು. ಮಾವನವರು ಪೆಟ್ಟಿಗೆಗೆ ಕಿವಿಯಿಟ್ಟು, ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ ತಿರುಪು ಅಲ್ಲಾಡಿಸುತ್ತ ಕೂತರು. ತಪ್ಪು ಯಂತ್ರದ್ದಿರಬಹುದೆಂದು ಒಮ್ಮೆಯೂ ಅನ್ನಲಿಲ್ಲ. “ನನ್ನ ಕೈ ನಡುಗ್ತಾ ಇದೆ ಅನ್ಸುತ್ತೆ, ಲಯ ಸಿಗ್ತಾ ಇಲ್ಲ” ಎಂದರು. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಉಳಿಯತೊಡಗಿತು. ಜೀವಮಾನವಿಡೀ ಗಟ್ಟಿಯಾಗಿದ್ದ ಕೈಯನ್ನು ಆ ಮನುಷ್ಯ ಕಣ್ಣೆದುರು ಹಿಡಿದು ಹಿಂದೆ ಮುಂದೆ ನೋಡಿಕೊಳ್ಳುವುದನ್ನು ಕಂಡರೆ, ತಮ್ಮಂಥ ಕಂಪನಿಗೂ ಕರುಳು ಚುರುಕ್ಕೆನ್ನುತ್ತಿತ್ತು.

ಹಾಗಾಗಿ ಒಂದು ಮಧ್ಯಾಹ್ನ, ಮಾವನವರು ಊಟ ಮುಗಿಸಿ ಅಡ್ಡಾಗಿದ್ದಾಗ, ನಾನು ಮೆಲ್ಲಗೆ ಯಂತ್ರಕ್ಕೆ ಎರಡನೆಯ ಬಾರಿ ಪರಿಚಯ ಮಾಡಿಸಿದೆ. ಒಳಗೇನಿದೆ ಎಂದು ಕೆದಕಲು ಹೋಗಲಿಲ್ಲ. ಮನೆ ಅಳಿಯ ಪೆಟ್ಟಿಗೆಗಳ ಒಳಗೆ ಇಣುಕಬಾರದು. ಅವರು ಏಳುವ ಮುನ್ನ ವೈರು ಕಿತ್ತಿಟ್ಟೆ. ಸಂಜೆ ಬಲ್ಬು ಮತ್ತೆ ಬೆಳ್ಳಗೆ ಹತ್ತಿತು, ಮಾವನವರು ಎರಡು ಸಲ ಬಡಿಸಿಕೊಂಡು ಉಂಡರು. ಇಂಥದ್ದಕ್ಕೆ ರುಚಿ ಹತ್ತಿದರೆ ಬಿಡುವುದು ಕಷ್ಟ. ಮರುದಿನವೂ ಮಾಡಿದೆ, ಅದರ ಮರುದಿನವೂ. ಆದರೆ ವಿಚಿತ್ರವೆಂದರೆ, ನಾನು ಕೊಟ್ಟದ್ದಕ್ಕಿಂತ ಯಂತ್ರ ಹೆಚ್ಚು ಕೊಡತೊಡಗಿತು! ನನ್ನ ಅರ್ಧ ಗಂಟೆಯ ಪರಿಚಯಕ್ಕೆ ಅದು ಸಂಜೆಯಿಡೀ ಬಲ್ಬು, ಫ್ಯಾನು, ರೇಡಿಯೋ ಮೂರನ್ನೂ ಎಳೆಯಿತು. ನನಗೇ ಅನುಮಾನ ಬಂತು, ತಮ್ಮ ಮೇಲಲ್ಲ, ನನ್ನ ಅಪನಂಬಿಕೆಯ ಮೇಲೆ. ಒಳಗೆ ನಿಜಕ್ಕೂ ಅನಂತವೋ ಗಿನಂತವೋ ಏನಾದರೂ ಇದ್ದರೂ ಇರಬಹುದು ಎಂದು ನಾನು, ಹಲ್ಲು ಕಟ್ಟುವವನು, ತಲೆದೂಗಿಬಿಟ್ಟೆ.

ಈಗ ಗೊತ್ತಾಗಿರುವ ಸಂಗತಿಯನ್ನು ತಮಗೆ ಇಲ್ಲೇ ತಿಳಿಸಿಬಿಡುತ್ತೇನೆ. ಮಾವನವರು ಬೆಳಗಿನ ನಡಿಗೆಗೆ ಹೋದಾಗ ನನ್ನ ಹೆಂಡತಿ ಯಂತ್ರಕ್ಕೆ ಪರಿಚಯ ಮಾಡಿಸುತ್ತಿದ್ದಳು. ಅವರು ಸ್ನಾನಕ್ಕೆ ಹೋದಾಗ ಅತ್ತೆಯವರು ಮಾಡಿಸುತ್ತಿದ್ದರು. ಅತ್ತೆಗೆ ಮಗಳದ್ದು ಗೊತ್ತಿಲ್ಲ, ಮಗಳಿಗೆ ಅಮ್ಮನದ್ದು ಗೊತ್ತಿಲ್ಲ, ನನ್ನದು ಇಬ್ಬರಿಗೂ ಗೊತ್ತಿಲ್ಲ. ಒಂದೇ ಪ್ಲಗ್ಗಿಗೆ ಮೂವರು ಮೂರು ಹೊತ್ತು ಕಳ್ಳ ಹೆಜ್ಜೆಯಲ್ಲಿ ಬಂದು ಹೋಗುತ್ತಿದ್ದೆವು. ಒಮ್ಮೆ ನಾನು ಮುಟ್ಟುವ ಮೊದಲೇ ಪ್ಲಗ್ಗು ಬೆಚ್ಚಗಿತ್ತು, ಬಿಸಿಲಿಗೆ ಇರಬೇಕೆಂದುಕೊಂಡೆ. ಆ ಮೂಲೆಗೆ ಬಿಸಿಲು ಬೀಳುವುದೇ ಇಲ್ಲ.

ಇತ್ತ ಮಾವನವರ ಮೀಟರಿನ ಮುಳ್ಳು ದಿನದಿನಕ್ಕೂ ಬಲಕ್ಕೆ ವಾಲತೊಡಗಿತು. “ಕಂಪನ ಬಲೀತಾ ಇದೆ ಅಳಿಯಂದ್ರೇ, ಮನೆಗೆ ಒಗ್ತಾ ಇದೆ” ಎಂದು ಹಿಗ್ಗಿದರು. ಗೋಡೆಯ ದೊಡ್ಡ ಮೀಟರು ಓಡುವ ವೇಗವೂ ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಕಾರಣ ನಾನು. “ನಿಮ್ಮ ಹಲ್ಲುಗಳು ಕರೆಂಟ್ ಜಾಸ್ತಿ ತಿಂತಾ ಇವೆಯಲ್ಲ?” ಎಂದರು. ಹೌದು ಮಾವ, ಎಂದೆ. ಇನ್ನೇನು ಹೇಳಲಿ? ಆ ‘ಹೌದು ಮಾವ’ ನನಗೆ ಎಷ್ಟು ದುಬಾರಿಯಾಯಿತೆಂದರೆ, ಅದೇ ವಾರ ಅವರು ವಿದ್ಯುತ್ ಕಚೇರಿಗೆ ಹೋಗಿ, ಇನ್ನು ಮುಂದೆ ಲೈನಿನ ಅಗತ್ಯವಿಲ್ಲವಾದ್ದರಿಂದ ಕಂಬದಿಂದ ಮನೆಗೆ ಬರುವ ವೈರನ್ನು ಶಾಶ್ವತವಾಗಿ ಕತ್ತರಿಸಬೇಕೆಂದು ಅರ್ಜಿ ಕೊಟ್ಟು ಬಂದರು. ನನ್ನ ಮೋಟಾರು, ನನ್ನ ಬಿಸಿನೀರಿನ ಪಾತ್ರೆ, ಅತ್ತೆಯ ಫ್ರಿಜ್ಜು, ಎಲ್ಲವನ್ನೂ ಅನುರಣಕವೇ ಎಳೆಯುತ್ತದೆಯಂತೆ. “ನಿಮ್ಮ ಹಲ್ಲಿಗೂ ಇನ್ಮೇಲೆ ಪುಕ್ಕಟೆ” ಎಂದು ನನ್ನ ಭುಜ ತಟ್ಟಿದರು. ಮದುವೆಯಾದಾಗಿನಿಂದ ಅವರು ನನ್ನ ಭುಜ ತಟ್ಟಿದ್ದು ಅದೇ ಮೊದಲು.

ತಾವು ದೊಡ್ಡವರು, ಮನಸ್ಸಿನಲ್ಲೇ ಒಂದು ಕ್ಷಣ ನನ್ನ ಜಾಗದಲ್ಲಿ ನಿಂತು ನೋಡಬೇಕು. ವೈರು ಕತ್ತರಿಸಿದರೆ ನನ್ನ ಕೆಲಸ ಮುಳುಗುತ್ತದೆ, ಅದು ಸಣ್ಣ ಮಾತು, ಹಲ್ಲನ್ನು ಬೇರೆಲ್ಲಾದರೂ ಬೇಯಿಸಬಹುದು. ಆದರೆ ವೈರು ಹೋದ ಮೇಲೆ ಯಂತ್ರಕ್ಕೆ ಪರಿಚಯ ಮಾಡಿಸಲು ಪ್ಲಗ್ಗಿನಲ್ಲಿ ಏನೂ ಇರುವುದಿಲ್ಲ. ಆಗ ಬಲ್ಬು ಆರುತ್ತದೆ, ಆ ಬಲ್ಬಿನ ಕೆಳಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಮುಳ್ಳು ಸಾಹೇಬರು ಕೂತಿರುತ್ತಾರೆ. ಅದನ್ನು ತಪ್ಪಿಸಬೇಕಿತ್ತು. ನಿಜವೊಂದನ್ನು ಬಿಟ್ಟು ಉಳಿದೆಲ್ಲ ನೆಪ ಹೇಳಿದೆವು. “ಸೆಖೆ ಕಡಿಮೆ ಆಗ್ಲಿ ಅಪ್ಪ” ಎಂದಳು ಮಗಳು. “ಫ್ರಿಜ್ ಹಳೇದು ರೀ, ಹೊಸ ಕರೆಂಟ್ ತಡ್ಕೊಳ್ಳಲ್ಲ” ಎಂದರು ಅತ್ತೆ. ನಾನಂತೂ, ಗಿರಾಕಿಯಾದ ವಕೀಲರೊಬ್ಬರ ಸೆಟ್ಟು ಅರ್ಧ ಬೆಂದಿದೆ, ಅದೊಂದು ಮುಗಿಯಲಿ ಎಂದು ಗೋಗರೆದೆ. ಎಲ್ಲರಿಗೂ ಅವರದು ಒಂದೇ ಉತ್ತರ: “ನೀವು ಮಾತಾಡ್ಬೇಡಿ. ಮುಳ್ಳು ಮಾತಾಡ್ಲಿ.” ಮುಳ್ಳಿನ ಬಾಯಿಗೆ ಮಾತು ತುರುಕುತ್ತಿದ್ದವರು ಮೂವರೂ ತಲೆ ತಗ್ಗಿಸಿ ಕೂತೆವು. ಆ ದಿನಗಳಲ್ಲಿ ಯಂತ್ರಕ್ಕೆ ದೊರೆತಷ್ಟು ಪರಿಚಯ ಯಾವ ನೆಂಟರಿಗೂ ಯಾವ ಮನೆಯಲ್ಲೂ ದೊರೆತಿರಲಾರದು.

ಲೈನ್‌ಮನ್ ಬಂದ. ಒಳ್ಳೆಯ ಮನುಷ್ಯ, ಏಣಿ ಹತ್ತುವ ಮುನ್ನ ಅರ್ಜಿಯನ್ನು ಇನ್ನೊಮ್ಮೆ ಓದಿ, “ಯಜಮಾನ್ರೇ, ಬಾಡಿಗೆಯವರು ಯಾರಾದ್ರೂ ಜಗಳ ಮಾಡಿದ್ರಾ?” ಎಂದು ಕೇಳಿದ. ಇಲ್ಲ, ನಮಗೆ ಕರೆಂಟು ಬೇಡವಾಗಿದೆ ಎಂದಾಗ ಅವನ ಮುಖ ನೋಡಬೇಕಿತ್ತು. ವೈರು ಕಟ್ಟಾಯಿತು. ಮಾವನವರು ಅವನನ್ನು ನಡುಮನೆಗೆ ಕರೆದು, ಕುರ್ಚಿ ಹಾಕಿಸಿ, ಚಹಾ ಕೊಡಿಸಿ, ತಿರುಪು ತಿರುವಿದರು. ಬಲ್ಬು ಉರಿಯಿತು, ಫ್ಯಾನು ಸುಯ್ಯೆಂದಿತು. ಲೈನ್‌ಮನ್ ಬಗ್ಗಿ ಮೇಜಿನ ಕೆಳಗೆಲ್ಲ ಹುಡುಕಿದ. ಮಾವನವರು ಮಗುವನ್ನು ಎತ್ತಿದಂತೆ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ, ಬುಡದಲ್ಲಿ ಯಾವ ವೈರೂ ಇಲ್ಲವೆಂದು ತೋರಿಸಿದರು. ನಂತರ ಹೆಮ್ಮೆಯಿಂದ, ಪುಕ್ಕಟೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರಲ್ಲ, ನನ್ನ ಹಿತ್ತಲ ಕೋಣೆಯ ಮೋಟಾರನ್ನು ಅದಕ್ಕೆ ಸೇರಿಸಿದರು. ಬೇಡ ಎನ್ನಲು ನಾನು ಬಾಯಿ ತೆರೆದೆ. ರೂಢಿಯಂತೆ ‘ಹೌದು ಮಾವ’ ಎಂಬುದೇ ಹೊರಬಿತ್ತು.

ಮೋಟಾರು ಒಂದೆರಡು ಸುತ್ತು ತಿರುಗಿ ಗೊರಗೊರ ಎಂದಿತು, ನಿಂತಿತು. ಬಲ್ಬು ಹಳದಿಯಾಗಿ, ಕೆಂಪಾಗಿ, ಆರಿತು. ಮಾವನವರು ತಿರುಪು ಹಿಡಿದು ಬಹಳ ಹೊತ್ತು ಪ್ರಯತ್ನಿಸಿದರು. ನಾವು ಯಾರೂ ಅವರ ಮುಖ ನೋಡಲಿಲ್ಲ, ಬಹುಶಃ ಅದರಿಂದಲೇ ಅವರಿಗೆ ತಿಳಿಯಿತು. ಅಂಗಡಿಗಳಲ್ಲಿ ಮುಖ ತಪ್ಪಿಸುವವರನ್ನು ಅವರು ಎಷ್ಟು ನೋಡಿಲ್ಲ! ಸ್ಕ್ರೂಡ್ರೈವರ್ ತರಿಸಿ ಪೆಟ್ಟಿಗೆಯ ಅಡಿ ಬಿಚ್ಚಿದರು. ತಾಮ್ರದ ಬಸವನಹುಳ ಯಾವುದಕ್ಕೂ ಅಂಟಿಕೊಂಡಿರಲಿಲ್ಲ. ಕೆಳಗೆ ಒಂದು ಬ್ಯಾಟರಿ ಇತ್ತು, ಕಂಪಿಸಬಾರದೆಂದು ಅದರ ಸುತ್ತ ಹತ್ತಿ ತುರುಕಿದ್ದಿರಿ. ಆಗ ಮುಳ್ಳು ಸಾಹೇಬರು ತಲೆಯೆತ್ತದೆ, ಗದರದೆ, ಮೆಲ್ಲಗೆ ಕೇಳಿದರು: “ಮುಳ್ಳು ಒತ್ತಿದ್ದು ಯಾರು?”

“ನಾನು” ಎಂದೆವು, ಮೂವರೂ, ಒಂದೇ ಉಸಿರಿಗೆ.

ಸ್ವಾಮೀ, ತಮ್ಮ ಕೈಪಿಡಿಯಲ್ಲಿ ಪುಟಗಟ್ಟಲೆ ವರ್ಣಿಸಿದ್ದ ಅನುರಣನ ನಮ್ಮ ಮನೆಯಲ್ಲಿ ಸಂಭವಿಸಿದ್ದು ಆ ಒಂದು ಕ್ಷಣದಲ್ಲಿ. ಬೇರೆ ಬೇರೆ ಗಂಟಲು, ಒಂದೇ ಲಯ, ತಿರುಪು ತಿರುವುವ ಅಗತ್ಯವೇ ಬೀಳಲಿಲ್ಲ. ಅತ್ತೆ ಮಗಳನ್ನು ನೋಡಿದರು, ಮಗಳು ನನ್ನನ್ನು ನೋಡಿದಳು, ನಾನು ಇಬ್ಬರನ್ನೂ ನೋಡಿದೆ. ಲೈನ್‌ಮನ್ ಕಿಸಕ್ಕೆಂದು ನಕ್ಕುಬಿಟ್ಟು, ಮಾವನವರ ಮುಖ ನೋಡಿ ನಗುವನ್ನು ಚಹಾದ ಜೊತೆ ನುಂಗಿಕೊಂಡ. ಮಾವನವರು ನಗಲಿಲ್ಲ. ಸ್ಕ್ರೂಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಇಟ್ಟು ಹೇಳಿದರು: “ಅಂಗಡಿಯೋರು ಒತ್ತೋದನ್ನ ಬೇಕಾದಷ್ಟು ನೋಡಿದ್ದೆ. ಮನೆಯೋರು ಒತ್ತಿದ್ದು ಇದೇ ಮೊದಲು.”

ಅದರ ಮುಂದಿನದೆಲ್ಲ ಚಿಲ್ಲರೆ ತಾಪತ್ರಯ. ವೈರು ಕತ್ತರಿಸಲು ಒಂದು ಅರ್ಜಿಯಾದರೆ ಜೋಡಿಸಲು ಬೇರೆಯೇ ಅರ್ಜಿ, ಅದಕ್ಕೆ ಬೇರೆ ಮೇಜು, ಆ ಮೇಜಿನವರು ರಜೆಯ ಮೇಲೆ. ಕತ್ತಲಲ್ಲಿ ಕೂತೆವು. ಫ್ರಿಜ್ಜಿನಲ್ಲಿದ್ದದ್ದು ಹಳಸಿತು. ವಕೀಲರು ಹಲ್ಲಿಲ್ಲದೆ ಕೋರ್ಟಿಗೆ ಹೋಗಿ, ‘ಸಾಕ್ಷಿ’ ಎಂದರೆ ‘ಹಾಹಿ’ ಎಂದು ಕೇಳಿಸಿ, ವಾಯಿದೆ ತೆಗೆದುಕೊಂಡು ಬಂದರಂತೆ. ವಾಯಿದೆ ಸಿಕ್ಕಿದ್ದರಿಂದ ಕಕ್ಷಿದಾರನಿಗೆ ಒಳ್ಳೆಯದೇ ಆಯಿತೆಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಈಗ ಲೈನು ಬಂದಿದೆ. ಇದಾವುದಕ್ಕೂ ತಮ್ಮಿಂದ ನಾನು ಪರಿಹಾರ ಕೇಳುತ್ತಿಲ್ಲ. ಯಂತ್ರವನ್ನೂ ವಾಪಸ್ಸು ಕಳಿಸುವುದಿಲ್ಲ. ಆ ಹತ್ತಿಯಲ್ಲಿ ಅತ್ತೆ ಒಂದು ಸೂಜಿದಿಂಬು ಮಾಡಿಕೊಂಡಿದ್ದಾರೆ, ಗುಣಮಟ್ಟ ಚೆನ್ನಾಗಿದೆ.

ನನ್ನ ದೂರು ಬೇರೆ. ತಾವು ಮಾವನವರಿಗೆ ಮೋಸ ಮಾಡಿದ್ದು ಒಂದೇ ಸಲ. ಆಮೇಲೆ ತಾವು ಕೈತೊಳೆದುಕೊಂಡು ಹೋದಿರಿ. ದಿನಾ ಮೂರು ಹೊತ್ತು ಮಾಡಿದವರು ನಾವು. ತಮ್ಮ ಹತ್ತಿರ ಅವರು ಹೋದದ್ದು ಜೇಬಿನಲ್ಲಿ ಮೀಟರಿಟ್ಟುಕೊಂಡು, ಅನುಮಾನದಿಂದಲೇ. ಮನೆಯಲ್ಲಿ ಮಾತ್ರ ಅವರು ಬೆನ್ನು ತಿರುಗಿಸಿ ಮಲಗುತ್ತಿದ್ದರು. ಈಗ ಅವರು ನಮ್ಮ ಮಾತನ್ನು ತೂಗುತ್ತಾರೆ. ಅಂಗಿ ಚೆನ್ನಾಗಿ ಒಪ್ಪುತ್ತದೆ ಎಂದು ಅತ್ತೆ ಹೇಳಿದರೆ ಎದ್ದು ಕನ್ನಡಿಯ ಮುಂದೆ ಹೋಗುತ್ತಾರೆ. ಸಪ್ಪಗಿದ್ದೀರಿ ಅಪ್ಪಾ ಎಂದು ಮಗಳು ಪಕ್ಕದಲ್ಲಿ ಕೂತರೆ, ಅವಳ ಕೈಯಲ್ಲಿ ಏನಿದೆ ಎಂದು ನೋಡುತ್ತಾರೆ. ಮೊದಲು ನನ್ನನ್ನು ಬಾಯಿತುಂಬ ಬೈಯುತ್ತಿದ್ದವರು ಈಗ “ನೀವು ಹೇಳಿದ ಮೇಲೆ ಸರಿ ಇರಬೇಕು ಬಿಡಿ” ಎನ್ನುತ್ತಾರೆ. ಮಾನ್ಯರೇ, ಆ ಮರ್ಯಾದೆ ನನಗೆ ಬೇಡವಾಗಿದೆ. ನನಗೆ ಬೈಗುಳ ವಾಪಸ್ಸು ಬೇಕು.

ಮೊನ್ನೆ ನಾನೇ ಧೈರ್ಯ ಮಾಡಿ ಹೇಳಿದೆ. ಮಾವ, ನಿಮ್ಮ ಕೈ ನಡುಗಲಿಲ್ಲ, ನಿಮ್ಮ ಮೀಟರೂ ತಪ್ಪಲಿಲ್ಲ, ಅದು ಹುಟ್ಟುವಾಗಲೇ ಮೋಸದ ಯಂತ್ರ, ಯಾರಾಗಿದ್ದರೂ ಬೀಳುತ್ತಿದ್ದರು, ಎಂದೆ. ಇಷ್ಟು ಉದ್ದದ ಮಾತನ್ನು ನಾನು ಆ ಮನೆಯಲ್ಲಿ ಎಂದೂ ಆಡಿರಲಿಲ್ಲ, ಅದರಲ್ಲಿ ಒಂದಕ್ಷರ ಸುಳ್ಳೂ ಇರಲಿಲ್ಲ. ಅವರು ಕಿಟಕಿಯಿಂದ ಮುಖ ತಿರುಗಿಸದೆ ಕೇಳಿಸಿಕೊಂಡು, ತುಂಬ ಮೃದುವಾಗಿ ಕೇಳಿದರು: “ಇದೂ ಚಾರ್ಜ್ ಮಾಡೋದೇ ತಾನೇ ಅಳಿಯಂದ್ರೇ?”

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ನಾವು ನಿಜ ಹೇಳಿದರೆ ಅವರು ನಂಬುವುದಿಲ್ಲ, ಏಕೆಂದರೆ ನಮಗೆ ಅವರ ಮೇಲೆ ಪ್ರೀತಿಯಿದೆ ಎಂಬುದು ಸಾಬೀತಾಗಿ ಹೋಗಿದೆ. ತಮಗೆ ಅವರ ಮೇಲೆ ಎಳ್ಳಷ್ಟೂ ಪ್ರೀತಿಯಿಲ್ಲ. ಈ ವಿಷಯದಲ್ಲಿ ಅವರು ನಂಬಬಹುದಾದವರು ಇಡೀ ಲೋಕದಲ್ಲಿ ತಾವೊಬ್ಬರೇ. ದಯಮಾಡಿ ತಮ್ಮ ಕಂಪನಿಯ ಮೊಹರು ಒತ್ತಿದ ಕಾಗದದಲ್ಲಿ, ‘ನಾವು ನಿಮಗೆ ಮೋಸ ಮಾಡಿದೆವು, ನಿಮ್ಮ ಕೈ ಸರಿಯಾಗಿಯೇ ಇತ್ತು’ ಎಂದು ಒಂದು ಸಾಲು ಬರೆದು ಕಳಿಸಬೇಕು. ಅದರಲ್ಲಿ ಕರುಣೆಯ ಒಂದು ಹನಿಯೂ ಬೆರೆಯದಂತೆ ತಾವು ನೋಡಿಕೊಳ್ಳುವಿರೆಂಬ ಬಗ್ಗೆ ನನಗೆ ಪೂರ್ಣ ಭರವಸೆಯಿದೆ. ಕರುಣೆ ಇದ್ದರೆ ಅವರು ಕಾಗದ ಮುಟ್ಟುತ್ತಲೇ ಕಂಡುಹಿಡಿಯುತ್ತಾರೆ.

ನಮ್ಮ ಮನೆಯಲ್ಲಿ ಸದ್ಯಕ್ಕೆ ಸಿಗದ ವಿಶ್ವಾಸವೆಂಬ ಪದಾರ್ಥವನ್ನು ತಮಗಾಗಿ ಹೊರಗಿನಿಂದ ತರಿಸಿ ಇಲ್ಲಿ ಬಳಸುತ್ತಿರುವ,

ತಮ್ಮ ವಿಶ್ವಾಸಿ,
ಮುಳ್ಳು ಸಾಹೇಬರ ಮನೆ ಅಳಿಯ

ವಿ.ಸೂ.: ಪತ್ರವನ್ನು ಖುದ್ದಾಗಿ ಕೊಡೋಣವೆಂದು ತಮ್ಮ ಕಚೇರಿಗೆ ಬಂದಿದ್ದೆ. ಲಿಫ್ಟು ನಿಂತಿತ್ತು, ಕಾರಿಡಾರು ಕತ್ತಲಾಗಿತ್ತು. ಸ್ವಾಗತದ ಮೇಜಿನ ತಾಯಿ ತಮ್ಮ ಬಣ್ಣದ ಕೈಪಿಡಿಯಿಂದ ಗಾಳಿ ಬೀಸಿಕೊಳ್ಳುತ್ತ, “ಕರೆಂಟ್ ಇಲ್ಲ ಸಾರ್, ಸಂಜೆ ಬನ್ನಿ” ಎಂದರು. ತಮ್ಮ ಕಂಪನಿಯ ವಸ್ತುವೊಂದು ಕೆಲಸ ಮಾಡುವುದನ್ನು ಕಣ್ಣಾರೆ ಕಂಡು ಸಂತೋಷವಾಯಿತು. ಬೀಸುತ್ತಿದ್ದ ಕೈ ಆಕೆಯದು ಎಂಬುದನ್ನು ಮಾತ್ರ ತಾವು ಜಾಹೀರಾತಿನಲ್ಲಿ ಹಾಕಿಕೊಳ್ಳುವ ಮುನ್ನ ಗಮನಿಸಬೇಕು.